ಸೆಷನ್ ಕುಕೀ ಸೆಟಿಂಗ್: ಲ್ಯಾಕ್ಸೋ ಸ್ಟ್ರಿಕ್ಟೋ, ಡೇಟಾಬೇಸೋ ರೆಡಿಸೋ?

ಲಾಗಿನ್ ಪುಟಕ್ಕೆ ಓಟಿಪಿ ಹಾಕುತ್ತೇವೆ, ಕ್ಯಾಪ್ಚಾ ಹಾಕುತ್ತೇವೆ, ಪಾಸ್‌ವರ್ಡಿನಲ್ಲಿ ಅಂಕಿ ಬೇಕು ಚಿಹ್ನೆ ಬೇಕು ಅಂತ ಜನರ ತಲೆ ತಿನ್ನುತ್ತೇವೆ. ಲಾಗಿನ್ ಆದ ಮರುಕ್ಷಣದಿಂದ ಇದ್ಯಾವುದಕ್ಕೂ ಕೆಲಸವಿಲ್ಲ. ಅಲ್ಲಿಂದ ಮುಂದೆ ಪ್ರತಿ ಕ್ಲಿಕ್ಕಿಗೂ ‘ಇವರು ಇಂಥವರು’ ಅಂತ ಸರ್ವರ್‌ಗೆ ಹೇಳುವುದು ಒಂದು ಕುಕೀ ಮಾತ್ರ, ಅಂದರೆ ಬ್ರೌಸರ್ ಇಟ್ಟುಕೊಂಡು ಪ್ರತಿ ಸಲ ವಾಪಸ್ ಕಳಿಸುವ ಪುಟ್ಟ ಚೀಟಿ. ಲಾಗಿನ್‌ನಿಂದ ಲಾಗೌಟ್‌ವರೆಗೆ ಹೀಗೆ ಉಳಿಯುವ ಗುರುತಿಗೇ ಸೆಷನ್ ಅನ್ನುವುದು. ಜ್ಯಾಂಗೋ ಅನ್ನುವ ಪೈಥಾನ್ ವೆಬ್ ಫ್ರೇಮ್‌ವರ್ಕ್‌ನಲ್ಲಾದರೆ ಅದು 32 ಅಕ್ಷರಗಳ ಒಂದು ಸಾಲು. ಅದು ಯಾರ ಕೈಗೆ ಸಿಕ್ಕಿತೋ ಅವರಿಗೆ ನಿಮ್ಮ ಪಾಸ್‌ವರ್ಡೂ ಬೇಡ, ಓಟಿಪಿಯೂ ಬೇಡ.

ಇದನ್ನು ಭದ್ರ ಮಾಡುವುದು ಹೇಗೆ ಅಂತ ಹುಡುಕಿದರೆ ಸಿಗುವುದು ಹೆಚ್ಚಾಗಿ ಒಂದೇ ಥರದ ಪಟ್ಟಿ: ಇದನ್ನು ಟ್ರೂ ಮಾಡಿ, ಅದನ್ನು ಸ್ಟ್ರಿಕ್ಟ್ ಮಾಡಿ, ಮುಗೀತು. ಆ ಪಟ್ಟಿ ನೋಡಿ ಎಲ್ಲವನ್ನೂ ಬಿಗಿ ಮಾಡಿದ ಮಾರನೇ ದಿನ, ದುಡ್ಡು ಕಟ್ಟಿ ವಾಪಸ್ ಬಂದ ಗ್ರಾಹಕರು ಲಾಗೌಟ್ ಆಗಿರುತ್ತಾರೆ, ಆಫೀಸಿಗೆ ಫೋನ್ ಬರುತ್ತದೆ, ಯಾರೋ ಒಬ್ಬರು ಎಲ್ಲವನ್ನೂ ಮತ್ತೆ ಸಡಿಲ ಮಾಡಿ ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ಎರಡು ಬಗೆಯ ಸೆಟಿಂಗ್‌ಗಳಿವೆ. ಕೆಲವಕ್ಕೆ ಆಯ್ಕೆಯೇ ಇಲ್ಲ, ಸುಮ್ನೆ ಹಾಕಬೇಕು. ಉಳಿದವಕ್ಕೆ ಉತ್ತರ ನಿಮ್ಮ ಆ್ಯಪ್‌ನಲ್ಲೇ ಇದೆ: ಜನ ಎಲ್ಲಿಂದ ಬರುತ್ತಾರೆ, ಪಕ್ಕದ ಸಬ್‌ಡೊಮೇನ್ ಯಾರ ಕೈಯಲ್ಲಿದೆ, ಒಬ್ಬರನ್ನು ಈಗಿಂದೀಗಲೇ ಹೊರಗೆ ಹಾಕಬೇಕು ಅಂದರೆ ಆಗುತ್ತದಾ ಇಲ್ಲವಾ.

ಉದಾಹರಣೆಗೆ ಜ್ಯಾಂಗೋವನ್ನೇ ಇಟ್ಟುಕೊಳ್ಳುತ್ತೇನೆ. ಪಿಎಚ್‌ಪಿ ಭಾಷೆ, ನೋಡ್‌ನ ಎಕ್ಸ್‌ಪ್ರೆಸ್, ಪೈಥಾನಿನ ಫ್ಲಾಸ್ಕ್ ಬೇರೆಯಾಗಿ ನಡೆದುಕೊಳ್ಳುವಲ್ಲಿ ಅವನ್ನೂ ಹೇಳುತ್ತೇನೆ. ಸೆಟಿಂಗ್ ಹೆಸರುಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಫೈಲಿನಲ್ಲಿ ಇಂಗ್ಲಿಷಿನಲ್ಲೇ ಹಾಕಿಕೊಳ್ಳಿ.

ಯೋಚಿಸದೇ ಹಾಕಬೇಕಾದ ಎರಡು

ಮೊದಲನೆಯದು ಸೆಕ್ಯೂರ್. ಇದು ಇದ್ದರೆ ಬ್ರೌಸರ್ ಆ ಕುಕೀಯನ್ನು ಎಚ್‌ಟಿಟಿಪಿಎಸ್‌ನಲ್ಲಿ ಮಾತ್ರ ಕಳಿಸುತ್ತದೆ. ಇದಿಲ್ಲದಿದ್ದರೆ ಏನಾಗುತ್ತದೆ ಅಂತ ಜಗತ್ತು 2010ರ ಅಕ್ಟೋಬರ್‌ನಲ್ಲೇ ನೋಡಿತು. ಎರಿಕ್ ಬಟ್ಲರ್ ಎಂಬಾತ ಸ್ಯಾನ್ ಡಿಯೇಗೋದ ಟೂರ್‌ಕಾನ್ ಸಮ್ಮೇಳನದಲ್ಲಿ ಫೈರ್‌ಶೀಪ್ ಅನ್ನುವ ಒಂದು ಫೈರ್‌ಫಾಕ್ಸ್ ಎಕ್ಸ್‌ಟೆನ್ಷನ್ ಬಿಡುಗಡೆ ಮಾಡಿದ. ಕಾಫಿ ಅಂಗಡಿಯ ಪಾಸ್‌ವರ್ಡ್ ಇಲ್ಲದ ವೈಫೈಗೆ ಸೇರಿಕೊಂಡು ಒಂದು ಬಟನ್ ಒತ್ತಿದರೆ ಸಾಕು, ಅದೇ ವೈಫೈನಲ್ಲಿ ಕೂತವರ ಫೇಸ್‌ಬುಕ್, ಟ್ವಿಟರ್ ಖಾತೆಗಳು ಪಕ್ಕದ ಪಟ್ಟಿಯಲ್ಲಿ ಫೋಟೋ ಸಮೇತ ಬಂದು ಕೂರುತ್ತಿದ್ದವು. ಒಂದರ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ ನೀವು ಅವರಾಗಿ ಒಳಗೆ! ಆಗ ಆ ಸೈಟುಗಳು ಲಾಗಿನ್ ಪುಟವನ್ನು ಮಾತ್ರ ಎಚ್‌ಟಿಟಿಪಿಎಸ್‌ನಲ್ಲಿಟ್ಟು ಉಳಿದದ್ದನ್ನು ಬರೀ ಎಚ್‌ಟಿಟಿಪಿಯಲ್ಲಿ ಓಡಿಸುತ್ತಿದ್ದವು, ಕುಕೀ ಗಾಳಿಯಲ್ಲಿ ಬತ್ತಲೆಯಾಗಿ ಹೋಗುತ್ತಿತ್ತು.

ಎರಡನೆಯದು ಎಚ್‌ಟಿಟಿಪಿಓನ್ಲಿ. 2002ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 6ರ ಮೊದಲ ಸರ್ವೀಸ್ ಪ್ಯಾಕ್‌ನಲ್ಲಿ ಬಂದದ್ದು. ಪುಟದೊಳಗಿನ ಜಾವಾಸ್ಕ್ರಿಪ್ಟ್‌ಗೆ ಆ ಕುಕೀ ಕಾಣಿಸುವುದಿಲ್ಲ. ಇದರ ಮೇಲೆ ಅತಿಯಾದ ನಂಬಿಕೆ ಬೇಡ. ನಿಮ್ಮ ಪುಟದಲ್ಲಿ ಯಾರದೋ ಸ್ಕ್ರಿಪ್ಟ್ ಓಡುತ್ತಿದೆ ಅಂದರೆ ಅದು ಕುಕೀಯನ್ನು ಓದದೆಯೂ ನಿಮ್ಮ ಹೆಸರಲ್ಲಿ ಅಲ್ಲಿಂದಲೇ ರಿಕ್ವೆಸ್ಟ್ ಕಳಿಸಬಹುದು. ಕದ್ದು ಮನೆಗೆ ಒಯ್ಯಲು ಆಗುವುದಿಲ್ಲ ಅಷ್ಟೇ. ಆದರೂ ಹಾಕಿ, ಖರ್ಚೇನೂ ಇಲ್ಲ.

ಇನ್ನು ಡೀಫಾಲ್ಟ್ ವಿಷಯ. ಇಲ್ಲೇ ಜಾಸ್ತಿ ಜನ ಏಮಾರುವುದು. ಜ್ಯಾಂಗೋ, ಫ್ಲಾಸ್ಕ್, ಎಕ್ಸ್‌ಪ್ರೆಸ್-ಸೆಷನ್ ಮೂರೂ ಎಚ್‌ಟಿಟಿಪಿಓನ್ಲಿಯನ್ನು ತಾವಾಗೇ ಹಾಕುತ್ತವೆ, ಸೆಕ್ಯೂರ್ ಮಾತ್ರ ಹಾಕುವುದಿಲ್ಲ. ಹಾಕಿದರೆ ಲ್ಯಾಪ್‌ಟಾಪ್‌ನಲ್ಲಿ ಬರೀ ಎಚ್‌ಟಿಟಿಪಿಯಲ್ಲಿ ಕೆಲಸ ಮಾಡುವವರಿಗೆ ಲಾಗಿನ್ನೇ ನಿಲ್ಲದೆ ತೊಂದರೆಯಾಗಬಹುದು. ಪಿಎಚ್‌ಪಿ ಎರಡನ್ನೂ ಹಾಕುವುದಿಲ್ಲ, ಎರಡನ್ನೂ ನೀವೇ ಆನ್ ಮಾಡಬೇಕು. ಹಾಗಾಗಿ ‘ನಮ್ಮದು ಫ್ರೇಮ್‌ವರ್ಕ್ ಸ್ವಾಮಿ, ಎಲ್ಲ ಅದೇ ನೋಡಿಕೊಳ್ಳುತ್ತೆ’ ಅನ್ನುವ ಮಾತು ಅರ್ಧ ಮಾತ್ರ ನಿಜ.

ಸೆಕ್ಯೂರ್ ಹಾಕಿದ ಮೇಲೆ ಲಾಗಿನ್ ಆಗುವುದೇ ಇಲ್ಲ, ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಮತ್ತೆ ಮತ್ತೆ ಲಾಗಿನ್ ಪುಟಕ್ಕೇ ಬಂದು ಬೀಳುತ್ತದೆ ಅನ್ನುವುದು ಎಕ್ಸ್‌ಪ್ರೆಸ್‌ನವರ ಮಾಮೂಲಿ ಗೋಳು. ಮುಂದೆ ಎಂಜಿನ್‌ಎಕ್ಸ್‌ನಂಥ ಪ್ರಾಕ್ಸಿ (ಮಧ್ಯವರ್ತಿ ಸರ್ವರ್) ಕೂತು ಎಚ್‌ಟಿಟಿಪಿಎಸ್ ಬಿಚ್ಚಿ, ಹಿಂದಿನ ನೋಡ್‌ಗೆ ಬರೀ ಎಚ್‌ಟಿಟಿಪಿ ಕೊಡುತ್ತಿರುತ್ತದೆ. ನೋಡ್ ನೋಡುತ್ತದೆ, ‘ಇದು ಭದ್ರವಾದ ಕನೆಕ್ಷನ್ ಅಲ್ಲ’ ಅಂದುಕೊಂಡು ಕುಕೀಯನ್ನು ಕಳಿಸುವುದೇ ಇಲ್ಲ. ಎರರ್ ಕೂಡ ಬರುವುದಿಲ್ಲ. ಟ್ರಸ್ಟ್ ಪ್ರಾಕ್ಸಿ ಸೆಟಿಂಗ್ ಹಾಕಿ, ಪ್ರಾಕ್ಸಿಯಿಂದ ಎಕ್ಸ್-ಫಾರ್ವರ್ಡೆಡ್-ಪ್ರೋಟೋ ಹೆಡರ್ ಕಳಿಸಿದರೆ ಸರಿಹೋಗುತ್ತದೆ. ಸೆಕ್ಯೂರನ್ನು ತೆಗೆದುಹಾಕುವುದು ಪರಿಹಾರ ಅಲ್ಲ. ಜ್ಯಾಂಗೋ ಈ ಥರ ಕುಕೀ ತಡೆಹಿಡಿಯುವುದಿಲ್ಲ, ಆದರೆ ಎಸ್‌ಎಸ್‌ಎಲ್ ರೀಡೈರೆಕ್ಟ್ ಆನ್ ಮಾಡಿದರೆ ಅದೇ ಕಾರಣಕ್ಕೆ ಪುಟ ಸುತ್ತುತ್ತಲೇ ಇರುತ್ತದೆ. ಅದಕ್ಕೆ ಸೆಕ್ಯೂರ್_ಪ್ರಾಕ್ಸಿ_ಎಸ್‌ಎಸ್‌ಎಲ್_ಹೆಡರ್ ಬೇಕು. ಹೊರಗಿನವರು ಕಳಿಸಿದ ಅದೇ ಹೆಸರಿನ ಹೆಡರನ್ನು ನಿಮ್ಮ ಪ್ರಾಕ್ಸಿ ಕಿತ್ತು ಹಾಕುತ್ತದೆ ಅಂತ ಖಾತ್ರಿ ಮಾಡಿಕೊಂಡೇ ಇದನ್ನು ಹಾಕಿ.

ಸೇಮ್‌ಸೈಟ್: ತಕರಾರೆಲ್ಲ ಇಲ್ಲೇ

ನಿಜವಾದ ಆಯ್ಕೆ ಶುರುವಾಗುವುದು ಇಲ್ಲಿಂದ. ಬೇರೆ ಸೈಟಿನಿಂದ ಹೊರಟ ರಿಕ್ವೆಸ್ಟಿನ ಜೊತೆ ನಿಮ್ಮ ಕುಕೀ ಹೋಗಬೇಕಾ ಬೇಡವಾ ಅನ್ನುವುದೇ ಪ್ರಶ್ನೆ. ‘ಸ್ಟ್ರಿಕ್ಟ್’ ಅಂದರೆ ಹೋಗಲೇಬಾರದು. ‘ಲ್ಯಾಕ್ಸ್’ ಅಂದರೆ ಲಿಂಕ್ ಒತ್ತಿ ಪುಟವೇ ಬದಲಾಗುವ ಗೆಟ್ ರಿಕ್ವೆಸ್ಟ್‌ಗೆ ಹೋಗಲಿ, ಫಾರ್ಮ್ ಕಳಿಸುವ ಪೋಸ್ಟ್‌ಗೆ, ಬೇರೆ ಪುಟದೊಳಗೆ ಕೂರುವ ಐಫ್ರೇಮ್‌ಗೆ, ಸ್ಕ್ರಿಪ್ಟ್ ಹಿನ್ನೆಲೆಯಲ್ಲಿ ಮಾಡುವ ಫೆಚ್‌ಗೆ ಬೇಡ. ‘ನನ್’ ಅಂದರೆ ಎಲ್ಲದಕ್ಕೂ ಹೋಗಲಿ. ಆದರೆ ‘ನನ್’ ಜೊತೆ ಸೆಕ್ಯೂರ್ ಇರಲೇಬೇಕು, ಇಲ್ಲದಿದ್ದರೆ ಕ್ರೋಮ್ ಕುಕೀಯನ್ನು ಒಳಗೇ ಬಿಡುವುದಿಲ್ಲ.

ಏನೂ ಬರೆಯದಿದ್ದರೆ? 2020ರ ಫೆಬ್ರವರಿಯ ಕ್ರೋಮ್ 80ರಿಂದ ಕ್ರೋಮ್ ಅದನ್ನು ಲ್ಯಾಕ್ಸ್ ಅಂದುಕೊಳ್ಳುತ್ತದೆ. (ಕೋವಿಡ್ ಬಂದಿದ್ದರಿಂದ ಏಪ್ರಿಲ್‌ನಲ್ಲಿ ಹಿಂದೆ ತೆಗೆದುಕೊಂಡು ಜುಲೈನಲ್ಲಿ ಮತ್ತೆ ತಂದರು.) ಎಲ್ಲ ಬ್ರೌಸರ್‌ಗಳೂ ಹಾಗೆ ಮಾಡುವುದಿಲ್ಲ, ಹಾಗಾಗಿ ಬ್ರೌಸರ್ ಮೇಲೆ ಭಾರ ಹಾಕಿ ಕೂರಬೇಡಿ. ಜ್ಯಾಂಗೋ 2.1ರಿಂದ ತಾನೇ ಲ್ಯಾಕ್ಸ್ ಬರೆಯುತ್ತದೆ. ಫ್ಲಾಸ್ಕ್ ಬರೆಯುವುದಿಲ್ಲ. ಪಿಎಚ್‌ಪಿಗೆ ಈ ಸೆಟಿಂಗ್ ಬಂದದ್ದೇ 7.3ರಲ್ಲಿ, ಅದೂ ಖಾಲಿಯೇ ಇರುತ್ತದೆ.

ಈಗ ನಮ್ಮಲ್ಲಿ ಅತಿ ಹೆಚ್ಚು ಕಾಣುವ ಪ್ರಸಂಗಕ್ಕೆ ಬರೋಣ. ಒಂದು ಅಂಗಡಿ ಸೈಟ್. ಗ್ರಾಹಕಿ ಲಾಗಿನ್ ಆಗಿದ್ದಾರೆ, ಕಾರ್ಟ್‌ನಲ್ಲಿ ಎರಡು ಸೀರೆ ಇದೆ. ದುಡ್ಡು ಕಟ್ಟಲು ಪೇಮೆಂಟ್ ಗೇಟ್‌ವೇ ಪುಟಕ್ಕೆ ಹೋಗುತ್ತಾರೆ. ಓಟಿಪಿ ಹಾಕುತ್ತಾರೆ. ಗೇಟ್‌ವೇ ಒಂದು ಫಾರ್ಮ್ ಮಾಡಿ ನಿಮ್ಮ ರಿಟರ್ನ್ ಪುಟಕ್ಕೆ ಪೋಸ್ಟ್ ಮಾಡುತ್ತದೆ. ಬ್ರೌಸರ್ ಲೆಕ್ಕದಲ್ಲಿ ಇದು ಬೇರೆ ಸೈಟಿನಿಂದ ಬಂದ ಪೋಸ್ಟ್, ಆದ್ದರಿಂದ ಲ್ಯಾಕ್ಸ್ ಕುಕೀ ಜೊತೆಗೆ ಬರುವುದಿಲ್ಲ. ಇಲ್ಲಿಯವರೆಗೆ ಹಾನಿಯೇನೂ ಆಗಿಲ್ಲ, ಹಳೇ ಕುಕೀ ಬ್ರೌಸರ್‌ನಲ್ಲಿ ಹಾಗೇ ಇದೆ. ಹಾನಿಯಾಗುವುದು ಮುಂದಿನ ಹೆಜ್ಜೆಯಲ್ಲಿ. ನಿಮ್ಮ ಪಿಎಚ್‌ಪಿ ಫೈಲಿನ ಮೇಲ್ತುದಿಯಲ್ಲಿ ಅಭ್ಯಾಸಬಲದಿಂದ ಬರೆದ ಸೆಷನ್_ಸ್ಟಾರ್ಟ್ ಇದೆ. ಅದಕ್ಕೆ ಕುಕೀ ಸಿಗಲಿಲ್ಲ, ಯಾರೋ ಹೊಸಬರು ಅಂದುಕೊಂಡು ಹೊಸ ಪಿಎಚ್‌ಪಿಸೆಸ್‌ಐಡಿ ಕೊಟ್ಟು ಕಳಿಸುತ್ತದೆ. ಹೆಸರು ಅದೇ, ಒಳಗಿನ ಸಂಖ್ಯೆ ಬೇರೆ. ಬ್ರೌಸರ್ ಹಳೆಯದನ್ನು ಅಳಿಸಿ ಹೊಸದನ್ನು ಇಟ್ಟುಕೊಳ್ಳುತ್ತದೆ. ದುಡ್ಡು ಹೋಯಿತು, ಸೀರೆ ಕಾಣುತ್ತಿಲ್ಲ, ಲಾಗಿನ್ ಮಾಡಿ ಅಂತ ಕೇಳುತ್ತಿದೆ.

ಇದನ್ನು ಇನ್ನಷ್ಟು ಗೋಜಲು ಮಾಡುವ ಒಂದು ಸಂಗತಿ ಕ್ರೋಮ್‌ನಲ್ಲಿದೆ. ಸೇಮ್‌ಸೈಟ್ ಬರೆಯದೇ ಬಿಟ್ಟ ಕುಕೀ ಹುಟ್ಟಿ 2 ನಿಮಿಷ ಆಗಿಲ್ಲದಿದ್ದರೆ ಕ್ರೋಮ್ ಅದನ್ನು ಇಂಥ ಪೋಸ್ಟ್‌ಗೂ ಕಳಿಸುತ್ತದೆ. ಬೇರೆ ಸೈಟಿಗೆ ಹೋಗಿ ಪೋಸ್ಟ್ ಮೂಲಕ ವಾಪಸ್ ಬರುವ ಲಾಗಿನ್‌ಗಳು ಒಡೆಯದಿರಲಿ ಅಂತ ಕೊಟ್ಟ ವಿನಾಯಿತಿ ಅದು. ಪರಿಣಾಮ ಏನು ಅಂದರೆ, ಆಫೀಸಿನಲ್ಲಿ ಟೆಸ್ಟ್ ಮಾಡುವವರು ಲಾಗಿನ್ ಆಗಿ ಸರಸರ ಟೆಸ್ಟ್ ಕಾರ್ಡ್ ಹಾಕಿ ನೋಡಿದಾಗ ಎಲ್ಲ ಸರಿ ಇರುತ್ತದೆ, ಮನೆಯಲ್ಲಿ ಓಟಿಪಿಗೆ ಕಾದು ಕೂತ ಗ್ರಾಹಕರಿಗೆ ಮಾತ್ರ ಕೆಡುತ್ತದೆ. ‘ನಮ್ಮ ಕಡೆ ಬರ್ತಿಲ್ಲ ಸಾರ್’ ಅನ್ನುವ ಉತ್ತರದ ಮೂಲ ಇದು.

ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಸಿಗುವ ಸಲಹೆ ‘ನನ್ ಹಾಕಿಬಿಡಿ’. ಹಾಕಬೇಡಿ. ಒಂದು ಪುಟದ ಸಲುವಾಗಿ ಇಡೀ ಸೈಟಿನ ಬಾಗಿಲು ತೆಗೆದಂತೆ ಆಗುತ್ತದೆ. ಆ ರಿಟರ್ನ್ ಪುಟದಲ್ಲಿ ಸೆಷನ್ ಮುಟ್ಟಲೇಬೇಡಿ. ಆರ್ಡರ್ ನಂಬರ್ ಗೇಟ್‌ವೇ ಕಳಿಸಿದ್ದರಲ್ಲೇ ಇರುತ್ತದೆ. ಸಿಗ್ನೇಚರ್ ತಾಳೆ ನೋಡಿ, ಬೇಕಾದರೆ ನಿಮ್ಮ ಸರ್ವರ್‌ನಿಂದ ಗೇಟ್‌ವೇ ಸರ್ವರ್‌ಗೇ ನೇರ ಕೇಳಿ ಖಚಿತ ಮಾಡಿಕೊಳ್ಳಿ, ಆರ್ಡರ್ ದಾಖಲಿಸಿ, ಆಮೇಲೆ 303 (‘ಇನ್ನೊಂದು ಪುಟಕ್ಕೆ ಗೆಟ್‌ನಲ್ಲಿ ಹೋಗು’ ಅನ್ನುವ ಉತ್ತರ) ಕೊಟ್ಟು ನಿಮ್ಮ ಆರ್ಡರ್ ಪುಟಕ್ಕೆ ಕಳಿಸಿ. ಆ ಎರಡನೇ ಹೆಜ್ಜೆ ಗೆಟ್, ಅದಕ್ಕೆ ಲ್ಯಾಕ್ಸ್ ಕುಕೀ ಬರುತ್ತದೆ, ಗ್ರಾಹಕಿ ಇನ್ನೂ ಲಾಗಿನ್ ಆಗೇ ಇರುತ್ತಾರೆ. ಜ್ಯಾಂಗೋದಲ್ಲಿ ಸೆಷನ್‌ಗೆ ಏನೂ ಬರೆಯದಿದ್ದರೆ ಹೊಸ ಕುಕೀ ಹೊರಡುವುದಿಲ್ಲ. ಎಕ್ಸ್‌ಪ್ರೆಸ್‌ನಲ್ಲಿ ಸೇವ್‌ಅನ್‌ಇನಿಷಿಯಲೈಸ್ಡ್ ಅನ್ನುವುದನ್ನು ಫಾಲ್ಸ್ ಮಾಡಿದರೆ ಅದೇ ಫಲ. ಜ್ಯಾಂಗೋದ ಆ ಒಂದು ವ್ಯೂಗೆ ಸಿಎಸ್‌ಆರ್‌ಎಫ್ (ಬೇರೆ ಸೈಟ್ ನಿಮ್ಮ ಹೆಸರಲ್ಲಿ ರಿಕ್ವೆಸ್ಟ್ ಕಳಿಸುವ ಮೋಸ) ತಡೆಯಿಂದ ವಿನಾಯಿತಿಯನ್ನೂ ಕೊಡಬೇಕಾಗುತ್ತದೆ, ಅಲ್ಲಿ ಕಾವಲು ಕಾಯುವುದು ಗೇಟ್‌ವೇಯ ಸಿಗ್ನೇಚರ್.

ಸ್ಟ್ರಿಕ್ಟ್ ಯಾರಿಗೆ? ಲಿಂಕ್ ಹಿಡಿದು ಯಾರೂ ಬರದ ಆ್ಯಪ್‌ಗೆ. ಆಫೀಸಿನೊಳಗಿನ ಅಡ್ಮಿನ್ ಪ್ಯಾನೆಲ್, ಲೆಕ್ಕಪತ್ರದ ಟೂಲ್, ಬೆಳಗ್ಗೆ ಬುಕ್‌ಮಾರ್ಕ್‌ನಿಂದ ತೆರೆದು ಸಂಜೆ ಮುಚ್ಚುವಂಥದ್ದು. ಜೀಮೇಲ್ ಅಥವಾ ವಾಟ್ಸ್ಯಾಪ್ ವೆಬ್‌ನಲ್ಲಿ ಬಂದ ಲಿಂಕ್ ಒತ್ತಿ ಬರುವ ಜನರಿದ್ದರೆ ಸ್ಟ್ರಿಕ್ಟ್ ಅವರಿಗೆ ಕಿರಿಕಿರಿ: ಲಾಗಿನ್ ಆಗಿದ್ದರೂ ಮೊದಲ ಪುಟ ಲಾಗೌಟ್ ಆದಂತೆ ಕಾಣುತ್ತದೆ, ಸೈಟಿನೊಳಗಿನ ಇನ್ನೊಂದು ಲಿಂಕ್ ಒತ್ತಿದ ಮೇಲೆ ಸರಿಹೋಗುತ್ತದೆ. ಮೇಲೆ ಹೇಳಿದ 303 ಉಪಾಯವೂ ಸ್ಟ್ರಿಕ್ಟ್‌ಗೆ ಸಾಲದು, ಮಧ್ಯೆ ನಿಮ್ಮದೇ ಒಂದು ಪುಟ ತೋರಿಸಿ ಅಲ್ಲಿಂದ ಮುಂದೆ ಕಳಿಸಬೇಕಾಗುತ್ತದೆ.

‘ನನ್’ ಬೇಕಾಗುವುದು ನಿಮ್ಮ ಆ್ಯಪ್ ಇನ್ನೊಬ್ಬರ ಪುಟದೊಳಗೆ ಐಫ್ರೇಮ್ ಆಗಿ ಕೂರುವಾಗ. ಅಲ್ಲೂ ಪೂರ್ತಿ ನಂಬಬೇಡಿ. ಸಫಾರಿ 2020ರ ಮಾರ್ಚಿನಿಂದ ಮೂರನೆಯವರ ಕುಕೀಗಳನ್ನು ಸಾರಾಸಗಟಾಗಿ ತಡೆಯುತ್ತದೆ, ನೀವು ಏನು ಬರೆದರೂ ಅಷ್ಟೇ. ಐಒಎಸ್ 12ರಂಥ ಹಳೇ ಆ್ಯಪಲ್ ಬ್ರೌಸರ್‌ಗಳಲ್ಲಿ ಇನ್ನೊಂದು ತಮಾಷೆ ಇತ್ತು, ‘ನನ್’ ಬರೆದರೆ ಅದನ್ನು ಸ್ಟ್ರಿಕ್ಟ್ ಅಂತ ಓದುತ್ತಿದ್ದವು.

ಲ್ಯಾಕ್ಸ್ ಇದೆಯಲ್ಲ, ಸಿಎಸ್‌ಆರ್‌ಎಫ್ ಟೋಕನ್ ತೆಗೆಯಬಹುದಾ ಅಂತ ಕೇಳುವವರಿದ್ದಾರೆ. ತೆಗೆಯಬೇಡಿ. ಗೆಟ್‌ನಲ್ಲೇ ‘ಡಿಲೀಟ್’ ನಡೆಯುವ ಒಂದು ಹಳೇ ಲಿಂಕ್ ನಿಮ್ಮ ಕೋಡಿನಲ್ಲಿ ಎಲ್ಲೋ ಇದ್ದೇ ಇರುತ್ತದೆ, ಲ್ಯಾಕ್ಸ್ ಅದನ್ನು ತಡೆಯುವುದಿಲ್ಲ. ಇನ್ನೂ ದೊಡ್ಡ ಕಾರಣ ಸಬ್‌ಡೊಮೇನ್‌ಗಳದ್ದು.

ಡೊಮೇನ್ ಸಾಲು ಬರೆಯದಿರುವುದೇ ವಾಸಿ

ಬ್ರೌಸರ್ ‘ಒಂದೇ ಸೈಟ್’ ಅನ್ನುವುದು ಹೆಸರಿನ ಬಾಲ ನೋಡಿ. ಅಂಗಡಿ.ಕೋ.ಇನ್ ಅನ್ನುವ ಹೆಸರು ನಿಮ್ಮದಾದರೆ ಬ್ಲಾಗ್.ಅಂಗಡಿ.ಕೋ.ಇನ್, ಟೆಸ್ಟ್.ಅಂಗಡಿ.ಕೋ.ಇನ್ ಎಲ್ಲ ಅದರ ಲೆಕ್ಕದಲ್ಲಿ ಒಂದೇ ಸೈಟ್. ಅಲ್ಲಿಂದ ಹೊರಟ ರಿಕ್ವೆಸ್ಟ್‌ಗೆ ಸ್ಟ್ರಿಕ್ಟ್ ಕುಕೀ ಕೂಡ ಧಾರಾಳವಾಗಿ ಹೋಗುತ್ತದೆ. ಎಂದೋ ಮಾಡಿ ಮರೆತ ವರ್ಡ್‌ಪ್ರೆಸ್ ಬ್ಲಾಗ್ ಆ ಸಬ್‌ಡೊಮೇನ್‌ನಲ್ಲಿದ್ದು, ಅದರ ಪ್ಲಗಿನ್ ತೂತಾಗಿದ್ದರೆ ಸೇಮ್‌ಸೈಟ್ ನಿಮ್ಮ ನೆರವಿಗೆ ಬರುವುದಿಲ್ಲ.

ಇದರ ಮೇಲೆ ಸೆಷನ್_ಕುಕೀ_ಡೊಮೇನ್ ಅಂತ ಬರೆದು ಚುಕ್ಕೆ ಹಾಕಿ ಇಡೀ ಡೊಮೇನ್ ಕೊಟ್ಟರೆ ಇನ್ನೂ ಕೆಟ್ಟದು. ಕುಕೀ ಪ್ರತಿ ಸಬ್‌ಡೊಮೇನ್‌ಗೂ ಹೋಗುತ್ತದೆ. ಎಚ್‌ಟಿಟಿಪಿಓನ್ಲಿ ಇದ್ದರೆ ಸ್ಕ್ರಿಪ್ಟ್ ಓದುವುದಿಲ್ಲ ನಿಜ, ಆದರೆ ಆ ಬ್ಲಾಗ್ ಓಡುವ ಸರ್ವರ್‌ಗೆ ಹೆಡರ್‌ನಲ್ಲಿ ಅದು ನೀಟಾಗಿ ಬಂದು ಸೇರುತ್ತದೆ. ಎರಡು ಸಬ್‌ಡೊಮೇನ್‌ಗೂ ಒಂದೇ ಲಾಗಿನ್ ಬೇಕೇ ಬೇಕು, ಎರಡೂ ನಿಮ್ಮ ಕೈಯಲ್ಲೇ ಇವೆ ಅಂದರೆ ಮಾತ್ರ ಇದನ್ನು ಬರೆಯಿರಿ. ಇಲ್ಲದಿದ್ದರೆ ಆ ಸಾಲನ್ನು ಖಾಲಿ ಬಿಡಿ, ಕುಕೀ ಹುಟ್ಟಿದ ಹೋಸ್ಟ್‌ಗೆ ಮಾತ್ರ ಸೀಮಿತವಾಗುತ್ತದೆ.

ಖಾಲಿ ಬಿಟ್ಟರೂ ಒಂದು ಕಿಂಡಿ ಉಳಿಯುತ್ತದೆ. ಸಬ್‌ಡೊಮೇನ್ ನಿಮ್ಮ ಕುಕೀಯನ್ನು ಓದದಿದ್ದರೂ ಅದೇ ಹೆಸರಿನ ಇನ್ನೊಂದು ಕುಕೀಯನ್ನು ಇಡೀ ಡೊಮೇನ್‌ಗೆ ಎಸೆಯಬಹುದು. ಎರಡರಲ್ಲಿ ಯಾವುದು ಅಸಲಿ ಅಂತ ಸರ್ವರ್‌ಗೆ ಗೊತ್ತಾಗುವುದಿಲ್ಲ. ಗಿಟ್‌ಹಬ್ 2013ರ ಏಪ್ರಿಲ್‌ನಲ್ಲಿ ಬಳಕೆದಾರರ ಪುಟಗಳನ್ನು ಗಿಟ್‌ಹಬ್.ಕಾಮ್‌ನಿಂದ ಎತ್ತಿ ಗಿಟ್‌ಹಬ್.ಐಒಗೆ ಸಾಗಿಸಿದ್ದರ ಹಿಂದೆ ಇದ್ದದ್ದು ಇದೇ ಭಯ. ಯಾರು ಬೇಕಾದರೂ ಜಾವಾಸ್ಕ್ರಿಪ್ಟ್ ಹಾಕಬಹುದಾದ ಪುಟಗಳು ಅವರ ಲಾಗಿನ್ ಇರುವ ಡೊಮೇನ್‌ನ ಕೆಳಗೇ ಇದ್ದವು.

ಇದಕ್ಕೆ ಈಗ ಸುಲಭದ ಮದ್ದಿದೆ. ಕುಕೀ ಹೆಸರಿನ ಮುಂದೆ ಎರಡು ಅಂಡರ್‌ಸ್ಕೋರ್, ಹೋಸ್ಟ್ ಅನ್ನುವ ಪದ, ಒಂದು ಹೈಫನ್ ಸೇರಿಸಿ. ಹಾಗೆ ಶುರುವಾಗುವ ಹೆಸರನ್ನು ಬ್ರೌಸರ್ ಒಪ್ಪಬೇಕಾದರೆ ಸೆಕ್ಯೂರ್ ಇರಬೇಕು, ಪಾತ್ ಬರೀ ಸ್ಲ್ಯಾಶ್ ಆಗಿರಬೇಕು, ಡೊಮೇನ್ ಇರಲೇಬಾರದು. ಡೊಮೇನ್ ಬರೆಯಲು ಆಗದ ಮೇಲೆ ಸಬ್‌ಡೊಮೇನ್‌ನವರು ಅದನ್ನು ಎಸೆಯಲೂ ಆಗುವುದಿಲ್ಲ. ಜ್ಯಾಂಗೋದಲ್ಲಿ ಸೆಷನ್_ಕುಕೀ_ನೇಮ್ ಬದಲಿಸಿದರೆ ಆಯಿತು, ಒಂದೇ ಸಾಲು. ಬದಲಿಸಿದ ದಿನ ಎಲ್ಲರೂ ಒಮ್ಮೆ ಲಾಗೌಟ್ ಆಗುತ್ತಾರೆ, ಹೇಳಿಟ್ಟಿರಿ. ಈ ಹೆಸರನ್ನು ಪ್ರೊಡಕ್ಷನ್ ಸೆಟಿಂಗ್ಸ್ ಫೈಲಿನಲ್ಲಿ ಮಾತ್ರ ಇಡಿ.

ಹೆಸರಿನ ಮಾತು ಬಂದಿದ್ದಕ್ಕೆ ಇನ್ನೊಂದು: ಕುಕೀಗೆ ಪೋರ್ಟ್ ಗೊತ್ತಿಲ್ಲ. ಲೋಕಲ್‌ಹೋಸ್ಟ್ 8000ದಲ್ಲಿ ಒಂದು ಜ್ಯಾಂಗೋ, 8001ರಲ್ಲಿ ಇನ್ನೊಂದು ಓಡಿಸಿದರೆ ಎರಡೂ ‘ಸೆಷನ್‌ಐಡಿ’ ಅನ್ನುವ ಒಂದೇ ಹೆಸರಿಗೆ ಕಿತ್ತಾಡುತ್ತವೆ, ಒಂದಕ್ಕೆ ಲಾಗಿನ್ ಆದರೆ ಇನ್ನೊಂದು ಲಾಗೌಟ್. ಸರ್ವರ್‌ನಲ್ಲೂ ಹಾಗೇ.

ಸೆಷನ್ ಎಲ್ಲಿಡೋದು

ಕುಕೀಯಲ್ಲಿ ಬರೀ ಗುರುತಿನ ಸಂಖ್ಯೆ ಇಟ್ಟು ಉಳಿದ ಮಾಹಿತಿಯನ್ನು ಸರ್ವರ್‌ನಲ್ಲಿಡುವುದು ಒಂದು ದಾರಿ. ಎಲ್ಲವನ್ನೂ ಕುಕೀಯಲ್ಲೇ ತುಂಬಿ ಸಹಿ ಹಾಕಿ ಕೊಡುವುದು ಇನ್ನೊಂದು. ಫ್ಲಾಸ್ಕ್ ಏನೂ ಹೇಳದಿದ್ದರೆ ಎರಡನೆಯದನ್ನೇ ಮಾಡುತ್ತದೆ. ಜ್ಯಾಂಗೋದಲ್ಲೂ ಸೈನ್ಡ್_ಕುಕೀಸ್ ಅನ್ನುವ ಎಂಜಿನ್ ಇದೆ.

ಸಹಿ ಹಾಕಿದ ಕುಕೀ ಅಂದರೆ ಸೀಲ್ ಒತ್ತಿದ ಪಾರದರ್ಶಕ ಲಕೋಟೆ. ತಿದ್ದಲು ಆಗುವುದಿಲ್ಲ, ಓದಲು ಯಾರಿಗೂ ಅಡ್ಡಿಯಿಲ್ಲ. ಅದರಲ್ಲಿ ಫೋನ್ ನಂಬರ್, ಆಧಾರ್ ನಂಬರ್ ಅಂಥದ್ದೇನಾದರೂ ತುರುಕಿದ್ದರೆ ಬಳಕೆದಾರರ ಕಂಪ್ಯೂಟರ್‌ನಲ್ಲಿ ಅದು ಬಯಲಿಗೆ ಬಿದ್ದಂತೆ. (ರೇಲ್ಸ್ ಮಾತ್ರ 4ನೇ ಆವೃತ್ತಿಯಿಂದ ಎನ್‌ಕ್ರಿಪ್ಟ್ ಮಾಡಿ ಇಡುತ್ತದೆ.) ಒಂದು ಕುಕೀಗೆ ಸುಮಾರು 4 ಕೆಬಿ ಮಿತಿ ಬೇರೆ. ಆದರೆ ನನಗೆ ಇದರಲ್ಲಿ ಹಿಡಿಸದ ಮುಖ್ಯ ವಿಷಯ ಲಾಗೌಟ್. ಲಾಗೌಟ್ ಒತ್ತಿದರೆ ಬ್ರೌಸರ್‌ನಿಂದ ಕುಕೀ ಅಳಿಯುತ್ತದೆ, ಅಷ್ಟೇ. ಅದಕ್ಕೂ ಮೊದಲೇ ಯಾರಾದರೂ ಅದರ ಪ್ರತಿ ಮಾಡಿಟ್ಟುಕೊಂಡಿದ್ದರೆ ಅದು ಅವಧಿ ಮುಗಿಯುವವರೆಗೂ ನಡೆಯುತ್ತದೆ, ಯಾಕೆಂದರೆ ಸರ್ವರ್‌ನಲ್ಲಿ ಅಳಿಸಲು ಏನೂ ಇಲ್ಲ. ಜ್ಯಾಂಗೋದಲ್ಲಿ ಪಾಸ್‌ವರ್ಡ್ ಬದಲಿಸಿದರೆ ಹಳೆಯವು ಸಾಯುತ್ತವೆ, ಅದೊಂದೇ ಸಮಾಧಾನ. ಸೀಕ್ರೆಟ್ ಕೀ ಗಿಟ್ ರೆಪೊದಲ್ಲಿ ಸೋರಿತೋ, ಯಾರು ಬೇಕಾದರೂ ಯಾರದ್ದಾದರೂ ಕುಕೀ ತಯಾರಿಸಬಹುದು.

ಜೆಡಬ್ಲ್ಯೂಟಿ ಅನ್ನುವ ಸಹಿ ಹಾಕಿದ ಟೋಕನನ್ನು ಬ್ರೌಸರ್‌ನ ಲೋಕಲ್‌ಸ್ಟೋರೇಜ್‌ನಲ್ಲಿ ಇಡುವ ಫ್ಯಾಷನ್‌ಗೂ ಇದೇ ಲಾಗೌಟ್ ರೋಗ ಇದೆ, ಜೊತೆಗೆ ಪುಟದ ಯಾವ ಸ್ಕ್ರಿಪ್ಟ್ ಬೇಕಾದರೂ ಅದನ್ನು ಓದಬಹುದು. ಸಾಧಾರಣ ವೆಬ್ ಆ್ಯಪ್‌ಗೆ ಯಾಕೆ ಬೇಕೋ ನನಗಂತೂ ಅರ್ಥವಾಗಿಲ್ಲ. ಮೊಬೈಲ್ ಆ್ಯಪ್‌ಗೆ ಎಪಿಐ ಕೊಡುತ್ತಿದ್ದರೆ ಅದು ಬೇರೆ ಕಥೆ.

ಸರ್ವರ್ ಕಡೆ ಇಡುವುದಾದರೆ ಡೇಟಾಬೇಸಾ, ಇಲ್ಲಾ ಮೆಮೊರಿಯಲ್ಲೇ ಮಾಹಿತಿ ಇಡುವ ರೆಡಿಸಾ? ಚಿಕ್ಕ, ಮಧ್ಯಮ ಗಾತ್ರದ ಸೈಟಿಗೆ ಜ್ಯಾಂಗೋದ ಡೀಫಾಲ್ಟ್ ಆದ ಡೇಟಾಬೇಸೇ ಸಾಕು. ಪ್ರತಿ ರಿಕ್ವೆಸ್ಟ್‌ಗೆ ಒಂದು ಪುಟ್ಟ ಕ್ವೆರಿ ಜಾಸ್ತಿ, ಅದರಿಂದ ಆಕಾಶ ಕಳಚಿ ಬೀಳುವುದಿಲ್ಲ. ಹಳೇ ಸಾಲುಗಳು ತಾವಾಗಿ ಹೋಗುವುದಿಲ್ಲ, ಕ್ಲಿಯರ್‌ಸೆಷನ್ಸ್ ಕಮ್ಯಾಂಡನ್ನು ಹೊತ್ತಿಗೆ ಸರಿಯಾಗಿ ತಾನೇ ಓಡಿಸುವ ಕ್ರಾನ್‌ಗೆ ಹಾಕಿ. ಸೆಷನ್ ಕೀ ಅಲ್ಲಿ ಇದ್ದ ಹಾಗೇ ಕೂತಿರುತ್ತದೆ ಅನ್ನುವುದೂ ನೆನಪಿರಲಿ, ಪ್ರೊಡಕ್ಷನ್ ಡಂಪ್ ತೆಗೆದು ಟೀಮಿಗೆ ಹಂಚುವ ಅಭ್ಯಾಸ ಇದ್ದರೆ ಆ ಟೇಬಲ್ ಬಿಟ್ಟು ತೆಗೆಯಿರಿ.

ರೆಡಿಸ್ ವೇಗ, ಅವಧಿ ಮುಗಿದದ್ದನ್ನು ತಾನೇ ಅಳಿಸುತ್ತದೆ. ಆದರೆ ಅದೇ ರೆಡಿಸ್‌ನಲ್ಲಿ ಪುಟಗಳ ಕ್ಯಾಶೆಯನ್ನೂ ಇಟ್ಟು, ಮೆಮೊರಿ ತುಂಬಿದರೆ ಹಳೆಯದನ್ನು ಎಸೆ ಅಂತ ಎಲ್‌ಆರ್‌ಯು ಪಾಲಿಸಿ ಹಾಕಿದ್ದರೆ ದಟ್ಟಣೆ ಹೊತ್ತಿನಲ್ಲಿ ಜನರ ಸೆಷನ್‌ಗಳೂ ಕಸದ ಜೊತೆ ಹೋಗುತ್ತವೆ. ಸೆಷನ್‌ಗೆ ಬೇರೆಯೇ ರೆಡಿಸ್ ಇಡಿ, ಅಥವಾ ಜ್ಯಾಂಗೋದ ಕ್ಯಾಶ್ಡ್_ಡಿಬಿ ಬಳಸಿ. ಅದು ಓದುವುದು ಕ್ಯಾಶೆಯಿಂದ, ಬರೆಯುವುದು ಎರಡಕ್ಕೂ. ನನ್ನ ವೋಟು ಇದಕ್ಕೇ. ಕ್ಯಾಶೆ ಎಂಜಿನ್ ಆರಿಸಿ ಹಿಂದೆ ಲೋಕ್‌ಮೆಮ್ ಬಿಟ್ಟರಂತೂ ಮಜಾ: ಜ್ಯಾಂಗೋ ಓಡಿಸುವ ಗುನಿಕಾರ್ನ್ ಸರ್ವರ್‌ನ ಪ್ರತಿ ವರ್ಕರ್‌ಗೂ ಅದರದೇ ನೆನಪು, ಒಂದು ಕ್ಲಿಕ್ಕಿಗೆ ಲಾಗಿನ್ ಇರುತ್ತದೆ, ಮುಂದಿನದಕ್ಕೆ ಇರುವುದಿಲ್ಲ. ಎಕ್ಸ್‌ಪ್ರೆಸ್‌ನ ಮೆಮೊರಿಸ್ಟೋರ್ ಕೂಡ ಲ್ಯಾಪ್‌ಟಾಪ್‌ಗೆ ಮಾತ್ರ, ಅದು ಮೆಮೊರಿ ಸೋರಿಸುತ್ತದೆ ಅಂತ ಅದರ ದಾಖಲೆಯಲ್ಲೇ ಬರೆದಿದ್ದಾರೆ.

ಎಲ್ಲಿಟ್ಟರೂ ಲಾಗಿನ್ ಆದ ಕ್ಷಣ ಸಂಖ್ಯೆ ಬದಲಾಗಬೇಕು. ಇಲ್ಲದಿದ್ದರೆ ಯಾರೋ ಮೊದಲೇ ತಮ್ಮ ಸಂಖ್ಯೆಯನ್ನು ನಿಮ್ಮ ಬ್ರೌಸರ್‌ಗೆ ಅಂಟಿಸಿ, ನೀವು ಲಾಗಿನ್ ಆಗುವುದನ್ನೇ ಕಾದು ಒಳಗೆ ಬರಬಹುದು. ಜ್ಯಾಂಗೋದ ಲಾಗಿನ್ ಫಂಕ್ಷನ್ ಇದನ್ನು ತಾನೇ ಮಾಡುತ್ತದೆ. ಪಿಎಚ್‌ಪಿಯಲ್ಲಿ ಸೆಷನ್_ರೀಜನರೇಟ್_ಐಡಿಯನ್ನು ನೀವೇ ಕರೆಯಬೇಕು, ಯೂಸ್_ಸ್ಟ್ರಿಕ್ಟ್_ಮೋಡ್ ಕೂಡ ನೀವೇ ಆನ್ ಮಾಡಬೇಕು.

ಎಷ್ಟು ಹೊತ್ತು ಬದುಕಬೇಕು

ಜ್ಯಾಂಗೋದಲ್ಲಿ ಸೆಷನ್_ಕುಕೀ_ಏಜ್ ಡೀಫಾಲ್ಟ್ 12,09,600 ಸೆಕೆಂಡು, ಅಂದರೆ ಎರಡು ವಾರ. ಫ್ಲಾಸ್ಕ್‌ನಲ್ಲಿ ಪರ್ಮನೆಂಟ್ ಅಂದರೆ 31 ದಿನ. ಪಿಎಚ್‌ಪಿ ಸರ್ವರ್ ಕಡೆ 1,440 ಸೆಕೆಂಡು, 24 ನಿಮಿಷ. ಅಜಗಜಾಂತರ, ಅಲ್ವಾ? ವೆಬ್ ಭದ್ರತೆಯ ಸಂಸ್ಥೆ ಓವಾಸ್ಪ್‌ನವರು ಸುಮ್ಮನೆ ಕೂತ ಸೆಷನ್‌ಗೆ ಹಣಕಾಸಿನಂಥ ಆ್ಯಪ್‌ನಲ್ಲಿ 2ರಿಂದ 5 ನಿಮಿಷ, ಅಪಾಯ ಕಡಿಮೆ ಇರುವಲ್ಲಿ 15ರಿಂದ 30 ನಿಮಿಷ ಸಾಕು ಅನ್ನುತ್ತಾರೆ. ಸುದ್ದಿ ಓದುವ ಸೈಟಿಗೆ 15 ನಿಮಿಷ ಇಟ್ಟರೆ ಜನ ಬೈದುಕೊಂಡು ಹೋಗುತ್ತಾರೆ. ಅಂಗಡಿಗೆ ಎರಡು ವಾರ ಇರಲಿ, ಆದರೆ ವಿಳಾಸ, ಫೋನ್ ನಂಬರ್ ಬದಲಿಸುವಾಗ ಪಾಸ್‌ವರ್ಡ್ ಮತ್ತೆ ಕೇಳಿ. ಸೈಬರ್ ಸೆಂಟರ್‌ನಲ್ಲಿ ಕೂತು ಅರ್ಜಿ ಹಾಕುವ ಜನರಿರುವ ಸೈಟಾದರೆ ನಿಮಿಷಗಳ ಲೆಕ್ಕಕ್ಕೇ ಇಳಿಯಬೇಕು, ಒಬ್ಬರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ.

‘ಬ್ರೌಸರ್ ಮುಚ್ಚಿದರೆ ಮುಗಿಯಲಿ’ ಅನ್ನುವ ಸೆಟಿಂಗ್ ಇದೆ. ನಂಬಿಕೆಗೆ ಅರ್ಹವಲ್ಲ. ಕ್ರೋಮ್‌ನಲ್ಲಿ ‘ಬಿಟ್ಟಲ್ಲಿಂದ ಮುಂದುವರಿಸು’ ಆನ್ ಇದ್ದರೆ ಅಂಥ ಕುಕೀಗಳೂ ಎದ್ದು ಬರುತ್ತವೆ. ಗಡುವನ್ನು ಸರ್ವರ್ ಕಡೆಯೇ ಇಡಿ. ಜ್ಯಾಂಗೋದಲ್ಲಿ ಸೆಷನ್_ಸೇವ್_ಎವ್ರಿ_ರಿಕ್ವೆಸ್ಟ್ ಆನ್ ಮಾಡಿದರೆ ಪ್ರತಿ ಕ್ಲಿಕ್ಕಿಗೂ ಗಡುವು ಮುಂದೆ ಹೋಗುತ್ತದೆ, ಸುಮ್ಮನೆ ಕೂತವರು ಮಾತ್ರ ಹೊರಗೆ ಬೀಳುತ್ತಾರೆ. ಆದರೆ ಕದ್ದವರು ಕ್ಲಿಕ್ ಮಾಡುತ್ತಲೇ ಇದ್ದರೆ ಅವರೂ ಒಳಗೇ! ‘ಏನೇ ಆಗಲಿ 12 ಗಂಟೆಗೆ ಮುಗಿಯಿತು’ ಅನ್ನುವ ಕಡೆಯ ಗಡುವಿಗೆ ಜ್ಯಾಂಗೋದಲ್ಲಿ ಸೆಟಿಂಗ್ ಇಲ್ಲ. ಲಾಗಿನ್ ಸಮಯವನ್ನು ಸೆಷನ್‌ನಲ್ಲಿ ಬರೆದಿಟ್ಟು ಪ್ರತಿ ರಿಕ್ವೆಸ್ಟ್ ಹಾದುಹೋಗುವ ಒಂದು ಪುಟ್ಟ ಮಿಡಲ್‌ವೇರ್‌ನಲ್ಲಿ ನೋಡಬೇಕು. ಪಿಎಚ್‌ಪಿಯಲ್ಲಿ ಇನ್ನೊಂದು ಎಡವಟ್ಟು: ಒಂದೇ ಫೋಲ್ಡರ್‌ನಲ್ಲಿ ಹಲವು ಸೈಟುಗಳ ಸೆಷನ್ ಫೈಲ್ ಇದ್ದರೆ ಯಾರ ಗಡುವು ಕಡಿಮೆಯೋ ಅವರದ್ದು ಎಲ್ಲರ ಫೈಲನ್ನೂ ಗುಡಿಸುತ್ತದೆ.

ಗಡುವು ಯಾಕೆ ಇಷ್ಟು ಮುಖ್ಯ ಅಂದರೆ, ಕುಕೀ ಕಳ್ಳತನ ಈಗ ಗಾಳಿಯಲ್ಲಿ ನಡೆಯುವುದು ಕಡಿಮೆ, ಕಂಪ್ಯೂಟರ್‌ನೊಳಗೇ ನಡೆಯುತ್ತದೆ. 2023ರ ಮಾರ್ಚಿನಲ್ಲಿ ಲೈನಸ್ ಟೆಕ್ ಟಿಪ್ಸ್ ಯೂಟ್ಯೂಬ್ ಚಾನೆಲ್ ಕೈತಪ್ಪಿದ್ದು ಹೀಗೇ. ಸ್ಪಾನ್ಸರ್ ಕಳಿಸಿದ ಪಿಡಿಎಫ್ ಅಂದುಕೊಂಡು ಸಿಬ್ಬಂದಿಯೊಬ್ಬರು ತೆರೆದ ಫೈಲ್ ಬ್ರೌಸರ್‌ನ ಸೆಷನ್ ಟೋಕನ್‌ಗಳನ್ನು ಎತ್ತಿಕೊಂಡು ಹೋಯಿತು. ಇಲ್ಲಿ ಸೆಕ್ಯೂರ್, ಎಚ್‌ಟಿಟಿಪಿಓನ್ಲಿ, ಸೇಮ್‌ಸೈಟ್ ಯಾವುದೂ ನೆರವಿಗೆ ಬರುವುದಿಲ್ಲ. ಕುಕೀಯನ್ನು ಆ ಒಂದು ಕಂಪ್ಯೂಟರ್‌ಗೇ ಕಟ್ಟಿಹಾಕುವ ಪ್ರಸ್ತಾಪವನ್ನು ಗೂಗಲ್ 2024ರಲ್ಲಿ ಮುಂದಿಟ್ಟಿದೆ. ಅದು ಎಲ್ಲ ಕಡೆ ಬರುವವರೆಗೆ ನಮ್ಮ ಕೈಯಲ್ಲಿರುವುದು ಚಿಕ್ಕ ಗಡುವು, ದೊಡ್ಡ ಕೆಲಸಕ್ಕೆ ಮತ್ತೆ ಪಾಸ್‌ವರ್ಡ್, ಮತ್ತೆ ‘ಎಲ್ಲ ಕಡೆಯಿಂದ ಲಾಗೌಟ್ ಮಾಡು’ ಅನ್ನುವ ಬಟನ್. ಆ ಬಟನ್ ಮಾಡಲು ಸೆಷನ್ ಸರ್ವರ್‌ನಲ್ಲಿರಬೇಕು.

ಹಾಕಿದ್ದು ಹತ್ತಿತಾ?

ಫೈಲಿನಲ್ಲಿ ಬರೆದದ್ದನ್ನು ನಂಬಬೇಡಿ, ಬ್ರೌಸರ್‌ಗೆ ತಲುಪಿದ್ದನ್ನು ನೋಡಿ. ಮಧ್ಯೆ ಕೂತ ಪ್ರಾಕ್ಸಿ, ಇನ್ನೊಂದು ಸೆಟಿಂಗ್ಸ್ ಫೈಲ್, ಯಾವುದೋ ಎನ್ವಿರಾನ್ಮೆಂಟ್ ವೇರಿಯಬಲ್ ಏನನ್ನು ಬೇಕಾದರೂ ಬದಲಿಸಿರಬಹುದು. ಕ್ರೋಮ್‌ನಲ್ಲಿ ಡೆವಲಪರ್ ಟೂಲ್ಸ್ ತೆರೆದು ಅಪ್ಲಿಕೇಶನ್ ಟ್ಯಾಬ್, ಫೈರ್‌ಫಾಕ್ಸ್‌ನಲ್ಲಿ ಸ್ಟೋರೇಜ್ ಟ್ಯಾಬ್. ಡೊಮೇನ್ ಕಾಲಮ್ಮಿನಲ್ಲಿ ಹೆಸರಿನ ಮುಂದೆ ಚುಕ್ಕೆ ಇದ್ದರೆ ಅದು ಎಲ್ಲ ಸಬ್‌ಡೊಮೇನ್‌ಗೂ ಹೋಗುತ್ತಿದೆ ಅಂತ ಅರ್ಥ. ಜ್ಯಾಂಗೋದವರು ಡಿಪ್ಲಾಯ್ ಆಯ್ಕೆ ಕೊಟ್ಟು ಚೆಕ್ ಕಮ್ಯಾಂಡ್ ಓಡಿಸಿದರೆ ಸೆಕ್ಯೂರ್ ಬಿಟ್ಟುಹೋಗಿದ್ದನ್ನು ಅದೇ ಎತ್ತಿ ತೋರಿಸುತ್ತದೆ.

ಆಮೇಲೆ ಲಾಗೌಟ್ ಪರೀಕ್ಷೆ. ಟೂಲ್ಸ್‌ನಿಂದ ಕುಕೀಯ ವ್ಯಾಲ್ಯೂ ಕಾಪಿ ಮಾಡಿಟ್ಟುಕೊಳ್ಳಿ, ಬ್ರೌಸರ್‌ನಲ್ಲಿ ಲಾಗೌಟ್ ಒತ್ತಿ, ಈಗ ಕರ್ಲ್ ಅನ್ನುವ ಕಮ್ಯಾಂಡ್‌ನಲ್ಲಿ ಆ ಹಳೇ ಕುಕೀಯನ್ನೇ ಹಾಕಿ ನಿಮ್ಮ ಪ್ರೊಫೈಲ್ ಪುಟ ಕೇಳಿ. ಲಾಗಿನ್ ಪುಟಕ್ಕೆ ಕಳಿಸಿದರೆ ಸರಿ. ಪ್ರೊಫೈಲೇ ತೆರೆದುಕೊಂಡರೆ ಸೆಷನ್ ಎಂಜಿನ್ ಬದಲಿಸುವ ಕೆಲಸವನ್ನು ಈ ವಾರದ ಪಟ್ಟಿಗೆ ಹಾಕಿಕೊಳ್ಳಿ.